ಗೋಡೆಯಾಚೆಯ ಹೀರೆಬಳ್ಳಿ

ರಂಗಂಪೇಟೆಯ ಮಲ್ಲಿಕಮ್ಮ ಮೀನು ಮಾರಿ ಮನೆಗೆ ಬಂದವಳೇ ಬುಟ್ಟಿ ತೊಳೆಯುತ್ತಿದ್ದಳು. ಆ ನೀರನ್ನು ಚರಂಡಿಗೆ ಬಿಡುತ್ತಿರಲಿಲ್ಲ. ಅದಕ್ಕೆ ಇನ್ನಷ್ಟು ನೀರು ಬೆರೆಸಿ, ಹಿತ್ತಲ ಗೋಡೆಗುಂಟ ಹಚ್ಚಿದ ಬದನೆ, ಮೆಣಸಿನ ಗಿಡಗಳ ಬುಡಕ್ಕೆ ಹೊಯ್ದು, ಮೇಲೊಂದಿಷ್ಟು ಒಲೆಯ ಬೂದಿ ಉದುರಿಸುತ್ತಿದ್ದಳು. ಕೃಷ್ಣೆಯ ದಂಡೆಯ ತವರಿನಲ್ಲಿ ಅವಳವ್ವ ಮಾಡುತ್ತಿದ್ದುದೂ ಇದನ್ನೇ.

ಗೋಡೆಯಾಚೆ ನೀಲಗಂಗಮ್ಮನ ಮನೆ. ಅವರು ಮೀನು ಮುಟ್ಟುವವರಲ್ಲ. "ನಿನ್ನ ಗೊಬ್ಬರದ ನಾತಕ್ಕ ನಮಗ ಉಣ್ಣಾಕ ಆಗವಲ್ದು!" ಎಂದು ಆಕೆ ಒಂದು ದಿನ ಓಣಿಗೆಲ್ಲ ಕೇಳುವಂತೆ ಕೂಗಾಡಿದಳು. ಮಲ್ಲಿಕಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮುಂದಿನ ಸಲದ ಸಸಿಗಳನ್ನು ಅಂಗಳದಲ್ಲಿ ಹಚ್ಚಿದಳು. ನೀರೂ ಅಲ್ಲಿಗೇ ಹೋಯಿತು.

ನಾತ ನಿಂತಿತು. ಆದರೆ ಪ್ರತಿ ವರ್ಷವೂ ಗೋಡೆಗೆ ಹಬ್ಬಿ ಬೇಕಾದಷ್ಟು ಕಾಯಿ ಬಿಡುತ್ತಿದ್ದ ನೀಲಗಂಗಮ್ಮನ ಹೀರೆಬಳ್ಳಿ ಹಳದಿಗೆ ತಿರುಗಿ ಹೂವುದುರಿಸತೊಡಗಿತು. ಆಕೆ ಸಗಣಿ ಗೊಬ್ಬರ ಹಾಕಿದಳು, ಕುರಿ ಹಿಕ್ಕಿ ಹಾಕಿದಳು, ಬಳ್ಳಿ ಚೇತರಿಸಿಕೊಳ್ಳಲಿಲ್ಲ. ಅದರ ಬೇರು ಗೋಡೆಯ ಬುಡದಲ್ಲಿ ಇತ್ತ ನುಸುಳಿ ಇಷ್ಟು ದಿನ ಏನು ಕುಡಿದಿತ್ತೆಂಬುದು ಮಲ್ಲಿಕಮ್ಮನಿಗೆ ಗೊತ್ತಿತ್ತು. ಕೇಳದೆ ಹೇಳುವ ಹೆಂಗಸಲ್ಲ ಅವಳು.

ಒಂದು ಮುಂಜಾನೆ ಗೋಡೆಯ ಮೇಲೆ ನೀಲಗಂಗಮ್ಮನ ಮುಖ ಕಂಡಿತು.

"ಮಲ್ಲವ್ವಾ, ಆ ನೀರು ಮೊದಲಿನ ಜಾಗಾದಾಗ ಚೆಲ್ಲವಾ."

"ನಾತ ಬರ್ತದಲ್ರಿ, ಅಕ್ಕಾರ?"

ನೀಲಗಂಗಮ್ಮ ಆಗಲೇ ಸೆರಗು ಮೂಗಿಗೆ ಹಿಡಿದಿದ್ದಳು.

"ದೇವರ ಎಡಿಗೆ ಹೀರಿಕಾಯಿ ಬೇಕಾಗ್ಯಾದ. ಮೂಗು ನಾನ ಮುಚ್ಕೋತೀನಿ."