ಗ್ಯಾಸ್ ಪೈಪಿನ ಮೇಲೆ ಸೀತನಿ

ಬೇಡಕಿಹಾಳದ ನಮ್ಮ ಹೊಲದಲ್ಲಿ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಜೋಳದ ಹಸಿ ತೆನೆ ಸುಟ್ಟು ಸೀತನಿ ಮಾಡುತ್ತಿದ್ದೆವು. ಗ್ಯಾಸ್ ಪೈಪ್‌ಲೈನ್ ತಪಾಸಣೆಯ ಸಾಹೇಬರೊಬ್ಬರು ಜೀಪಿನಿಂದ ಜಿಗಿದು ಓಡಿಬಂದರು.

“ಕೆಳಗ ಗ್ಯಾಸ್ ಹರ್ಯಾಕತ್ತೈತಿ, ಮ್ಯಾಲ ಬೆಂಕಿ ಹಾಕೀರಲ್ರಿ!” ಎಂದು ಕೂಗುತ್ತ, ನಮ್ಮ ಕುಡಿಯುವ ನೀರಿನ ಕೊಡವನ್ನೇ ಕೆಂಡಕ್ಕೆ ಸುರಿದರು.

ಅವರನ್ನು ಹಿಂದೆಂದೂ ಕಂಡಿರದ ನನ್ನ ಅತ್ತೆ, ಒದ್ದೆ ತೆನೆ ಎತ್ತಿ ಹಿಡಿದು, “ನಿಮಗಂತ ತಗದಿಟ್ಟಿದ್ದೂ ತೋಯ್ದು ಹೋತಲ್ರಿ ಸಾಹೇಬ್ರ,” ಎಂದರು.

ಸಾಹೇಬರು ಉಳಿದ ಹಸಿ ತೆನೆಗಳತ್ತ ನೋಡಿದರು. ಆಮೇಲೆ ಟೇಪು ಬಿಚ್ಚಿ, ಪೈಪಿನ ಹಳದಿ ಗುರುತುಕಲ್ಲಿನಿಂದ ದೂರದ ಬದುವಿನವರೆಗೆ ಅಳೆದು, “ಇಲ್ಲಿ ತೋಡ್ರಿ,” ಎಂದರು. ಹೊಸ ಕುಣಿಯ ಸೀತನಿ ತಿನ್ನಲು ಕುಳಿತವರು ನಂಜಿಕೊಳ್ಳುವ ಬೆಲ್ಲ, ಶೇಂಗಾ ಚಟ್ನಿ ಮುಗಿಯುವವರೆಗೂ ಏಳಲಿಲ್ಲ.

ಆ ಕಲ್ಲಿನ ಮೇಲೆ ಬರೆದ ನಿಯಮವನ್ನು ನಮ್ಮ ಮನೆಯವರು ಇಂದಿಗೂ ಓದಿಲ್ಲ. ಆದರೆ ಸಾಹೇಬರು ಕುಳಿತು ತಿಂದ ಜಾಗ ಬಿಟ್ಟು ಬೇರೆಲ್ಲೂ ಬೆಂಕಿ ಹಾಕಿಲ್ಲ.