ನೀರಿನ ಮನೆತನದ ಮಾತುಗಳು

ನನಗೆ ಚೀನೀ ಭಾಷೆ ಬರುವುದಿಲ್ಲ. ಚೀನೀ ನಿಘಂಟಿನಲ್ಲಿ ಶಬ್ದ ಹುಡುಕಲು ಮಾತ್ರ ಬರುತ್ತದೆ. ಈಜು ಬಾರದವನು ಹೊಳೆಯ ಆಳ ಹೇಳಿದಂತೆ ಇದು ಕೇಳಿಸೀತು, ಆದರೂ ನಿಜ.

ಹುಬ್ಬಳ್ಳಿ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೆ ಚೀನಾದಿಂದ ಒಂದು ಯಂತ್ರ ಬಂತು. ಅದರ ಗುಂಡಿಗಳ ಮೇಲೆಲ್ಲ ಚೀನೀ ಬರಹ. ಮೊಬೈಲ್ ಹಿಡಿದು ಅನುವಾದ ಮಾಡಿಸಿದರೆ ಒಂದು ಗುಂಡಿ ‘ಹೃದಯದಿಂದ ನೀರು ಹೊರಡಲಿ’ ಎಂದಿತು. ಕಬ್ಬಿಣ ಕೊರೆಯುವ ಯಂತ್ರಕ್ಕೆ ಇಷ್ಟೊಂದು ಭಕ್ತಿ ಯಾಕೆ ಎಂದು ನಾವೆಲ್ಲ ನಕ್ಕೆವು. ಅದು ನಡುಭಾಗದಿಂದ ತಂಪುನೀರು ಬಿಡುವ ಗುಂಡಿ ಎಂದು ಆಮೇಲೆ ತಿಳಿಯಿತು. ನನಗೆ ಗೀಳು ಹತ್ತಿತು. ಒಂದು ನಿಘಂಟು ತರಿಸಿಕೊಂಡೆ.

ಅ ಆ ಇ ಈ ಇಲ್ಲದ ಭಾಷೆಯಲ್ಲಿ ಶಬ್ದವನ್ನು ಎಲ್ಲೆಂದು ಹುಡುಕುವುದು? ಅದಕ್ಕೆ ಅವರೊಂದು ದಾರಿ ಮಾಡಿಕೊಂಡಿದ್ದಾರೆ. ಪ್ರತಿ ಅಕ್ಷರದಲ್ಲೂ ಅದರ ಮನೆತನ ಹೇಳುವ ಒಂದು ಭಾಗವಿರುತ್ತದೆ; ಮೂಲಚಿಹ್ನೆ ಎನ್ನೋಣ. ಎಡಗಡೆ ಮೂರು ಹನಿ ಇದ್ದರೆ ಅದು ನೀರಿನ ಮನೆತನ. ಹೊಳೆ, ಸಮುದ್ರ, ಬೆವರು, ಕಣ್ಣೀರು ಎಲ್ಲ ಅಲ್ಲಿಯವೇ. ಮೊದಲು ಮನೆತನ ಗುರುತಿಸಬೇಕು, ಆಮೇಲೆ ಉಳಿದ ಗೆರೆಗಳನ್ನು ಎಣಿಸುತ್ತ ಒಳಗೆ ಹೋಗಬೇಕು. ನಮ್ಮಲ್ಲಿ ಹೊಸಬರನ್ನು ‘ನೀವು ಯಾರ ಪೈಕಿರಿ?’ ಎಂದು ಕೇಳುತ್ತಾರಲ್ಲ, ಹಾಗೆ. ಮರೆವು ಎಂಬ ಅಕ್ಷರ ತಲೆಯ ಪೈಕಿ ಇರಬಹುದು ಎಂದುಕೊಂಡಿದ್ದೆ. ಅದು ಹೃದಯದ ಪೈಕಿ. ಮೇಲೆ ‘ಅಳಿವು’, ಕೆಳಗೆ ‘ಹೃದಯ’.

ಆ ವರ್ಷವೇ ನಮ್ಮ ಅಣ್ಣನಿಗೆ ಲಕ್ವಾ ಹೊಡೆಯಿತು.

ಅಣ್ಣ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹತ್ತಿಯ ಸವಾಲು, ಅಂದರೆ ಹರಾಜು, ಕೂಗುತ್ತಿದ್ದವನು. ಅವನ ಧ್ವನಿ ಹೊರಗೆ ನಿಂತ ಆಟೋದವರಿಗೂ ಕೇಳುತ್ತಿತ್ತು. ಮನೆಯಲ್ಲಿ ರೊಟ್ಟಿ ಕೇಳುವುದೂ ಸವಾಲಿನ ಧಾಟಿಯಲ್ಲೇ. ಆಸ್ಪತ್ರೆಯಿಂದ ರಾಯಾಪುರದ ಮನೆಗೆ ಮರಳಿದಾಗ ಬಲಗೈ ಬಿದ್ದುಹೋಗಿತ್ತು. ನಾವು ಆಡಿದ್ದು ಅವನಿಗೆ ತಿಳಿಯುತ್ತಿತ್ತು; ಅವನ ಬಾಯಿಗೆ ಬರುತ್ತಿದ್ದುದು ನಾಲ್ಕಾರು ಶಬ್ದ ಮಾತ್ರ. ಅದರಲ್ಲಿ ಹೆಚ್ಚಿನದು “ನೀರ”.

ಅವನ ಹೆಂಡತಿ, ನಮ್ಮ ವೈನಿ, ನೀರು ತಂದು ಹಿಡಿಯುವರು. ಅವನು ಎಡಗೈಯಿಂದ ಲೋಟ ದೂಡುವನು. ಮತ್ತೆ “ನೀರ” ಎನ್ನುವನು. ಬಿಸಿನೀರು, ತಣ್ಣೀರು ಯಾವುದೂ ಆಗದು. ಕಡೆಗೆ ಗೋಡೆಯ ಕಡೆ ಹೊರಳಿ ಮಲಗುವನು. ನೋಡಲು ಬಂದ ನೆಂಟರು ಅವನೆದುರಿಗೇ “ತಲಿ ಕೆಟ್ಟೈತಿ, ಪಾಪ” ಎಂದು ಹೇಳಿ ಹೋದರು. ಆ ಮಾತು ಅವನಿಗೆ ನಾಟಿದ್ದು ಮುಖದಲ್ಲಿ ಕಂಡಿತು. ಅಂದಿನಿಂದ ಊಟವೂ ಕಡಿಮೆಯಾಯಿತು.

ಒಂದು ರವಿವಾರ ಮಧ್ಯಾಹ್ನ ನಾನು ಪಕ್ಕದಲ್ಲಿದ್ದೆ. ಲೋಟ ಮತ್ತೆ ಉರುಳಿತು. ನೆಲ ಒರೆಸುತ್ತ ವೈನಿ ಅತ್ತೇಬಿಟ್ಟರು.

“ನೀರ ಕೇಳ್ತಾರ, ಕೊಟ್ರ ಚೆಲ್ಲತಾರ. ನಾ ಏನ ಮಾಡ್ಲಿ, ನೀವರ ಹೇಳ್ರಿ.”

ಅಣ್ಣ ಅವರನ್ನೇ ನೋಡುತ್ತಿದ್ದ. “ನೀರ... ಬ್ಯಾಡ,” ಎಂದ. “ನೀರ ಬ್ಯಾಡ.”

“ಬ್ಯಾಡಂದ್ರ ಬಿಡ್ರಿ,” ಎಂದು ವೈನಿ ಲೋಟ ಎತ್ತಿಕೊಂಡರು.

ಅಣ್ಣನ ಎಡಗೈ ಲೋಟದ ಕಡೆ ಹೋಗಲಿಲ್ಲ. ಅವರ ಮುಖದ ಕಡೆ ಏಳುತ್ತ ಬಂದು, ಮುಟ್ಟಲಾಗದೆ ನಡುವೆಯೇ ನಿಂತಿತು. ನನಗೆ ಝಗ್ಗನೆ ಹೊಳೆಯಿತು.

“ವೈನಿ, ಅಂವ ಲೋಟದಾಗಿನ ನೀರಿಗೆ ಅನ್ನಾಕತ್ತಿಲ್ರಿ. ನಿಮ್ಮ ಕಣ್ಣಾಗಿನ ನೀರ ಬ್ಯಾಡ ಅನ್ನಾಕತ್ತಾನ.”

ಅಣ್ಣ ತಲೆಯಾಡಿಸಿದ. ಆಸ್ಪತ್ರೆಯಲ್ಲಿ ಒಮ್ಮೆಯೂ ಅಳದವನು ಈಗ ಅತ್ತ. ವೈನಿ ಖಾಲಿ ಲೋಟ ಕೈಯಲ್ಲಿ ಹಿಡಿದೇ ಹಾಸಿಗೆಯ ಅಂಚಿಗೆ ಕುಳಿತು, ಸೆರಗಿನಿಂದ ಮೊದಲು ಅವನ ಮುಖ ಒರೆಸಿದರು, ಆಮೇಲೆ ತಮ್ಮದು.

ಅಲ್ಲಿಂದ ದಾರಿ ತೆರೆಯಿತು. ಅವನ ಮಾತು ಮನೆತನದವರೆಗೆ ಬಂದು ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಒಳಗೆ ನಾವು ಕರೆದುಕೊಳ್ಳಬೇಕಿತ್ತು. “ನೀರ” ಎಂದರೆ ನಾನು ಕೇಳಿದೆ: “ಕುಡಿಯೂದೇನು? ಬಿಸೀದೇನು? ಸಕ್ಕರಿ ಹಾಕಿದ್ದೇನು?” ಅವನ ಕಣ್ಣು ಅರಳಿತು. ಚಹಾ! ಕಾಯಿಲೆಯವರಿಗೆ ಬೇಡವೆಂದು ವೈನಿ ನಿಲ್ಲಿಸಿಬಿಟ್ಟಿದ್ದ ಚಹಾ. ಅವನಿಗೆ ಮಾತಿನ ತರಬೇತಿ ಕೊಡಲು ಬರುತ್ತಿದ್ದ ಹೆಣ್ಣುಮಗಳಿಗೆ ಇದನ್ನು ಹೇಳಿದೆ. “ಹಂಗ ಮಾಡ್ರಿ,” ಎಂದರು. “ಆದ್ರ ಅವಸರ ಮಾಡಬ್ಯಾಡ್ರಿ. ಅವರಿಗೇ ಹುಡುಕಾಕ ಬಿಡ್ರಿ.”

ಅವಸರ ಮಾಡದಿರುವುದು ಚೀನೀ ಕಲಿಯುವುದಕ್ಕಿಂತ ಕಷ್ಟ. ಆದರೂ ಕಲಿತೆವು. ನಿಧಾನವಾಗಿ ಚಹಾ ಬಂತು, ಮಜ್ಜಿಗೆ ಬಂತು, ಒಂದು ಮುಂಜಾನೆ ವೈನಿಯ ಹೆಸರೇ ಬಂತು. ಸವಾಲು ಮಾತ್ರ ಅವನು ಮತ್ತೆ ಕೂಗಲಿಲ್ಲ. ಮಾರುಕಟ್ಟೆಯ ರಸ್ತೆಯಲ್ಲಿ ಹೋಗುವಾಗ ಈಗಲೂ ಆಟೋದೊಳಗೆ ಮುಖ ತಿರುಗಿಸಿಕೊಳ್ಳುತ್ತಾನೆ.

ಮೊನ್ನೆ ಅವನ ಹಳೆಯ ಪರಿಚಯದ ಹತ್ತಿ ವ್ಯಾಪಾರಿಯೊಬ್ಬರು ಬಂದಿದ್ದರು. ನನ್ನನ್ನು ತೋರಿಸಿ “ಇವರು ಯಾರ್ರಿ?” ಎಂದು ಕೇಳಿದರು. ಅಣ್ಣ ಹುಡುಕತೊಡಗಿದ. ನನ್ನ ಹೆಸರು ಅವನಿಗೆ ಇನ್ನೂ ಸಿಕ್ಕಿಲ್ಲ. ನಾನು ಬಾಯಿ ಬಿಗಿಹಿಡಿದು ಕುಳಿತೆ. ಬಹಳ ಹೊತ್ತಾದ ಮೇಲೆ ಎಡಗೈಯನ್ನು ನನ್ನ ಭುಜದ ಮೇಲಿಟ್ಟು, “ಮನಿ,” ಎಂದ.

ವ್ಯಾಪಾರಿ ಗೋಡೆ, ಮಾಳಿಗೆ ಎಲ್ಲ ಒಮ್ಮೆ ನೋಡಿ, “ಖರೇ ರಿ, ಭಾಳ ಛಲೋ ಐತಿ,” ಎಂದರು.

ನಾನು ತಿದ್ದಲು ಹೋಗಲಿಲ್ಲ.