ವೀಳ್ಯವಾಗದ ರಜೆ

ಕದ್ವಾಡದಿಂದ ನಸುಕಿನಲ್ಲೇ ಕಾರವಾರಕ್ಕೆ ನಡೆದು ಬಂದು ಅಂಕೋಲೆಯ ಮೋಟಾರು ಹಿಡಿದೆ. ಇಪ್ಪತ್ತೊಂದು ಮೈಲಿ, ಎಂಟಾಣೆ. ಮೇ ತಿಂಗಳ ಸೆಕೆಗೆ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಕಿಸೆಯಲ್ಲಿ ಮುಂಬಯಿಯ ಹಳೆ ಪತ್ರಿಕೆಯ ಒಂದು ಹಾಳೆ. ಹಿಂದಿನ ಸಂಜೆ ಅಂಗಡಿಯವನು ಅದರಲ್ಲೇ ಬೆಲ್ಲ ಕಟ್ಟಿಕೊಟ್ಟಿದ್ದ.

ತಪ್ಪು ನನ್ನದೇ. ಶಾಲಾ ಮಾಸ್ತರನಾದ ನನಗೆ ಪತ್ರಿಕೆ ಓದಿ ಊರಿಗೆಲ್ಲ ಸಾರುವ ಚಟ. ಹಡಗಿನ ಆಳುಗಳಿಗೆ ವರ್ಷಕ್ಕೊಮ್ಮೆ ಸಂಬಳಸಹಿತ ರಜೆ ಕೊಡಬೇಕೆಂದು ದೇಶದೇಶದವರು ಜಿನೀವಾದಲ್ಲಿ ಕೂಡಿ ಕರಾರು ಮಾಡಿದರೆಂದು ಓದಿದ್ದೆ. ಭಾವ ಮುಂಬಯಿಯ ಹಡಗೊಂದರಲ್ಲಿ ಅಡಿಗೆಯವರು. ಅಕ್ಕ ಅವರ ಮುಖ ನೋಡಿ ಮೂರು ವರ್ಷ. ಹೋದ ವಾರ ಅಂಕೋಲೆಗೆ ಹೋದಾಗ ಅವಳ ಪರವಾಗಿ ಕಾಗದ ಬರೆದುಕೊಟ್ಟೆ: "ರಜೆ ಈಗ ನಿಮ್ಮ ಹಕ್ಕು. ಮುಂದಿನ ಸಫರಿಗೆ ಸಹಿ ಹಾಕಬೇಡಿ. ಬಂದುಬಿಡಿ."

ಬೆಲ್ಲದ ಹಾಳೆ ಬೇರೆಯೇ ಹೇಳಿತು. ಜಿನೀವಾದ ಕರಾರು ಆಯಾ ದೇಶದ ಶಾಸನಸಭೆಯ ಮುಂದೆ ಬರಬೇಕು; ಅಲ್ಲಿ ಒಪ್ಪಿಗೆಯಾದ ಮೇಲೆ ಸರಕಾರ ಅದಕ್ಕೆ ಬದ್ಧ. ದಿಲ್ಲಿಯ ಸಭೆ ಒಪ್ಪಿರಲಿಲ್ಲ. ನನ್ನ ಕಾಗದ ನಂಬಿ ಭಾವ ಹಡಗು ಬಿಟ್ಟರೆ ಇದ್ದ ಕೆಲಸವೂ ಹೋದಂತೆ.

ಅಮದಳ್ಳಿಯಲ್ಲಿ ಮೋಟಾರಿಗೆ ನೀರು ಹಾಕಲು ನಿಲ್ಲಿಸಿದರು. "ಬೇಗ ಹೊರಡಿ ಮಾರಾಯ್ರೆ, ಅಂಕೋಲೆ ಟಪಾಲು ಹೋಗ್ತದೆ" ಎಂದೆ.

ಡ್ರೈವರ್ ನಕ್ಕ. "ಆ ಟಪಾಲು ತರೂದೂ ಇದೇ ಗಾಡಿ, ಮಾಸ್ತರೇ. ನಾವ್ ಮುಟ್ದೇ ಅದು ಹೊರಡೂದಿಲ್ಲ."

ನಾನೂ ನಕ್ಕೆ. ಆದರೆ ಅಕ್ಕನ ಕಾಗದ ನಿನ್ನೆ ಮೊನ್ನೆಯೇ ಹೋಗಿದ್ದರೆ?

ಅಕ್ಕ ಅಂಗಳದಲ್ಲಿ ಚಾಪೆಯ ಮೇಲೆ ವಾರದಿಂದ ಒಣಗಿಸುತ್ತಿದ್ದ ಇಶಾಡು ಮಾವಿನ ರಸಕ್ಕೆ ಕಾಗೆ ಬಾರದಂತೆ ಕಾಯುತ್ತಿದ್ದಳು. ಹಣ್ಣಿನ ಕಾಲಕ್ಕೆ ಗಂಡ ಊರಲ್ಲಿರುವುದಿಲ್ಲವೆಂದು ವರ್ಷವರ್ಷವೂ ರಸ ಒಣಗಿಸಿ, ಹಾಳೆ ಮಾಡಿ ಮುಂಬಯಿಗೆ ಕಳಿಸುವುದು ಅವಳ ರೂಢಿ.

"ಕಾಗದ ಹಾಕಿದೆಯಾ?"

"ಇಲ್ಲ ತಮಾ. ಇದು ಪೂರಾ ಒಣಗ್ಲಿ, ಇದ್ರ ಸಂಗ್ತಿಗೇ ಕಳಸ್ವಾ ಅಂದೆ."

ಉಸಿರು ಬಂತು. ಮರುಗಳಿಗೆಗೆ ನಾಚಿಕೆಯಾಯಿತು. ಅವಳು ಯಾವ ಆಸೆಯಿಂದ ತಡ ಮಾಡಿದ್ದಳೋ ಅದರಿಂದಲೇ ನಾನು ಪಾರಾಗಿದ್ದೆ. ವಿಷಯ ಹೇಳಿದೆ.

"ಅಲ್ಲಿ ಹೋಗಿ ಒಪ್ದವ್ರು ನಮ್ಮವ್ರೇ ಅಲ್ವಾ?"

"ಅಲ್ಲಿ ಮಾತಾಡಿದವರು ಬೇರೆ ಅಕ್ಕಾ, ಇಲ್ಲಿ ಒಪ್ಪಬೇಕಾದವರು ಬೇರೆ."

ಅಕ್ಕ ಒಂದು ಕಾಗೆ ಅಟ್ಟಿದಳು. "ಮಾತುಕತೆ ಆಗ್ಯದೆ, ವೀಳ್ಯ ಆಗ್ಲಿಲ್ಲ ಹೇಳು" ಎಂದಳು. ಹೆಣ್ಣು ನೋಡಿ ಬಂದವರು ಎಷ್ಟೇ ಒಪ್ಪಲಿ, ಹಿರಿಯರು ಕೂತು ವೀಳ್ಯ ಬದಲಿಸದೆ ಮದುವೆ ನಿಶ್ಚಯವಲ್ಲ. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದ ವಿವರಣೆ ಬೇಕಾಗಲೇ ಇಲ್ಲ.

ಒಳಗಿನಿಂದ ಕಾಗದ ತಂದಳು. ಅವಳಿಗೆ ಓದು ಬಾರದು.

"ಇದ್ರಲ್ಲಿ 'ಬಂದುಬಿಡಿ' ಅಂತ ಬರ್ದದ್ದು ಎಲ್ಲಿ ಅದೆ?"

ತೋರಿಸಿದೆ. ಬೆರಳಾಡಿಸಿದಳು. ಆ ತುಂಡನ್ನಷ್ಟೇ ಮೆಲ್ಲಗೆ ಹರಿದು ಮುಷ್ಟಿಯಲ್ಲಿಟ್ಟುಕೊಂಡು ಉಳಿದದ್ದನ್ನು ನನಗೆ ಕೊಟ್ಟಳು.

"ಹೊಸ್ತು ಬರಿ. ಹಣ್ಣು ಈ ವರ್ಷ ಚೊಲೋ ಆಗ್ಯದೆ ಅಂತ ಬರಿ. ಸಾಕು."

ಅಷ್ಟೇ ಬರೆದೆ. ಮಧ್ಯಾಹ್ನ ಗಂಜಿ ಉಂಡು, ಮುಂಬಯಿಗೆ ಹಾಕಲು ಕಾಗದವನ್ನೂ ಒಣಗಿದ ಹಾಳೆಗಳ ಗಂಟನ್ನೂ ಹಿಡಿದು ಅದೇ ಮೋಟಾರು ಹತ್ತಿದೆ. ಗಾಡಿ ತಿರುಗುವವರೆಗೂ ಅಕ್ಕ ಬೇಲಿಯ ದಣಪೆಯ ಬಳಿ ನಿಂತು ಒಂದು ಕೈ ಬೀಸಿದಳು. ಇನ್ನೊಂದು ಮುಚ್ಚಿಯೇ ಇತ್ತು.